ವ್ಯಕ್ತಿಯನ್ನು ಬದಿಗೆ ಸರಿಸಿದ ಮೇಲೆ ಉಳಿದ ಜಾಗದಲ್ಲಿ ಏನಿರಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಶಿರಸಿಯ ಹತ್ತಿರದ ನಿಮ್ಮ ಊರಿನಲ್ಲಿ ಮನೆಯ ಹಿರಿಯರ ಮತ್ತು ತೋಟದಲ್ಲಿ ದುಡಿಯುವವರ ಭಾವಚಿತ್ರ ತೆಗೆಯುತ್ತಿದ್ದೀರಿ. ಅವರನ್ನು ನಡುವೆ ಕೂರಿಸಿದರೆ ಗುರುತಿನ ಚೀಟಿಯ ಫೋಟೊ ಆಗುತ್ತದೆ. ಎಲ್ಲರೂ ಹೇಳುವಂತೆ ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡುವ ಗೆರೆಗಳ ಗ್ರಿಡ್ ಹಾಕಿಕೊಂಡು, ಮೂರನೇ ಒಂದರ ಗೆರೆಯ ಮೇಲೆ ಬರುವಂತೆ ಬದಿಗೆ ಸರಿಸಿದರೆ ಅರ್ಧ ಚಿತ್ರ ಖಾಲಿ ಬಿದ್ದು, ಕ್ಯಾಮೆರಾ ಕೈತಪ್ಪಿ ತಿರುಗಿದಂತೆ ಕಾಣುತ್ತದೆ. ಹಾಗಿದ್ದರೆ ಬದಿಗೆ ಇಡುವುದು ಯಾವಾಗ, ಯಾವ ಕಡೆಗೆ, ಎಷ್ಟು ದೂರ ಎಂಬುದು ನಿಮ್ಮ ಪ್ರಶ್ನೆ.

ನಾನು ಕಾರವಾರದವನು. ಬಂದರಿನಲ್ಲಿ, ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ, ಘಟ್ಟದ ಮೇಲಿನ ಅಡಕೆ ಅಂಗಳಗಳಲ್ಲಿ ಬಹುಕಾಲದಿಂದ ಜನರ ಚಿತ್ರಗಳನ್ನೇ ತೆಗೆಯುತ್ತಿದ್ದೇನೆ. ಈ ವಿಷಯದಲ್ಲಿ ನನಗೆ ದೃಢವಾಗಿರುವ ಮಾತು ಒಂದೇ: ವ್ಯಕ್ತಿಯನ್ನು ಎಲ್ಲಿ ಇಡಬೇಕು ಎಂದು ಮೊದಲು ಯೋಚಿಸಬೇಡಿ, ಉಳಿದ ಜಾಗದಲ್ಲಿ ಏನಿರಬೇಕು ಎಂದು ಯೋಚಿಸಿ. ಆ ಜಾಗಕ್ಕೆ ಒಂದು ಕೆಲಸವಿದ್ದರೆ ವ್ಯಕ್ತಿ ಎಷ್ಟು ಬದಿಗೆ ಸರಿಯಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ. ಕೆಲಸವಿಲ್ಲದಿದ್ದರೆ ಯಾವ ಗೆರೆಯ ಮೇಲೆ ಇಟ್ಟರೂ ನಿಮಗೀಗ ಕಾಣುತ್ತಿರುವ ಅರೆಕೊರೆ ಹಾಗೆಯೇ ಉಳಿಯುತ್ತದೆ.

ಮೂರನೇ ಒಂದು ಭಾಗದ ಈ ನಿಯಮ ಹುಟ್ಟಿದ್ದು ಭಾವಚಿತ್ರಕ್ಕಾಗಿ ಅಲ್ಲ. ಇಂಗ್ಲೆಂಡಿನ ಕಲಾವಿದ ಜಾನ್ ಥಾಮಸ್ ಸ್ಮಿತ್ ಅದನ್ನು 1797ರಲ್ಲಿ ಬರೆದಾಗ, ಛಾಯಾಗ್ರಹಣವೇ ಇನ್ನೂ ಬಂದಿರದ ಆ ಕಾಲದಲ್ಲಿ, ಅವನ ಮುಂದಿದ್ದದ್ದು ಹಳ್ಳಿಗಾಡಿನ ದೃಶ್ಯಚಿತ್ರ: ನೆಲಕ್ಕೆಷ್ಟು, ಆಕಾಶಕ್ಕೆಷ್ಟು, ಬೆಳಕಿಗೆಷ್ಟು, ನೆರಳಿಗೆಷ್ಟು ಎಂಬ ಪಾಲು. ಚಿತ್ರವನ್ನು ಸಮಪಾಲು ಮಾಡಬೇಡಿ, ಒಂದು ಕಡೆಗೆ ಹೆಚ್ಚು ಕೊಡಿ ಎಂಬ ಒಳ್ಳೆಯ ಸಲಹೆ ಅದು. ಮನುಷ್ಯನ ಕಣ್ಣನ್ನು ಎರಡು ಗೆರೆಗಳು ಕೂಡುವ ಬಿಂದುವಿನ ಮೇಲೆಯೇ ತಂದು ನಿಲ್ಲಿಸಬೇಕೆಂಬ ಹಟ ಆಮೇಲೆ ಬಂದದ್ದು. ಗ್ರಿಡ್ ಅನ್ನು ನಾನು ದಿಗಂತ ಓರೆಯಾಗದಂತೆ ನೋಡಿಕೊಳ್ಳಲು ಬಳಸುತ್ತೇನೆ. ಮುಖ ಎಲ್ಲಿರಬೇಕೆಂದು ಅದನ್ನು ಕೇಳುವುದಿಲ್ಲ.

ಬದಿಗೆ ಇಡುವುದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಛಾಯಾಗ್ರಾಹಕ ಆರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಇಗೋರ್ ಸ್ಟ್ರಾವಿನ್‌ಸ್ಕಿಯ ಭಾವಚಿತ್ರವನ್ನು ಹುಡುಕಿ ನೋಡಿ. ಸ್ಟ್ರಾವಿನ್‌ಸ್ಕಿ ಎಡಗಡೆಯ ಕೆಳಮೂಲೆಯಲ್ಲಿ, ಕೈಗೆ ತಲೆಯೊರಗಿಸಿ ಕುಳಿತಿದ್ದಾನೆ. ಚಿತ್ರದ ಬಹುಭಾಗವನ್ನು ತುಂಬಿರುವುದು ತೆರೆದಿಟ್ಟ ಪಿಯಾನೊದ ಕಪ್ಪು ಮುಚ್ಚಳ. ಗ್ರಿಡ್ಡಿನ ಲೆಕ್ಕದಲ್ಲಿ ಅದು ಅತಿಯಾಯಿತು. ಆದರೆ ಆ ಮುಚ್ಚಳವನ್ನು ಮರೆಮಾಡಿದರೆ ಅಲ್ಲಿ ಉಳಿಯುವುದು ಕೋಟು ಹಾಕಿದ ಒಬ್ಬ ಮನುಷ್ಯ ಮಾತ್ರ. ಅವನು ಯಾರು, ಏನು ಮಾಡುವವನು ಎಂಬುದನ್ನು ಹೇಳುತ್ತಿರುವುದು ಉಳಿದ ಜಾಗ. ಇನ್ನೂ ಒಂದು ವಿಷಯ ಗಮನಿಸಬೇಕು: ನೆಗೆಟಿವ್‌ನಲ್ಲಿ ಸುತ್ತಲೂ ಇನ್ನಷ್ಟು ಜಾಗವಿತ್ತು, ಈ ಬಿಗಿ ಬಂದದ್ದು ಆಮೇಲೆ ಕತ್ತರಿಸಿದ್ದರಿಂದ.

ನಮ್ಮ ಕಡೆಯದೇ ಒಂದು ದೃಶ್ಯವನ್ನು ತೆಗೆದುಕೊಳ್ಳೋಣ. ಬೈತಖೋಲ ಬಂದರಿನಲ್ಲಿ ಹಿರಿಯರೊಬ್ಬರು ಕಾಲು ಚಾಚಿ ಕುಳಿತು, ಬಲೆಯ ಒಂದು ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದು, ದಾರ ಸುತ್ತಿದ ಸೂಜಿಯಿಂದ ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿದ್ದಾರೆ ಎಂದುಕೊಳ್ಳಿ. ಬಲೆಯ ಉಳಿದ ಭಾಗ ಅವರ ಎಡಕ್ಕೆ ರಾಶಿಯಾಗಿ ಹರಡಿ ಧಕ್ಕೆಯ ಅಂಚಿನವರೆಗೂ ಹೋಗಿದೆ. ಅವರನ್ನು ನಡುವೆ ಇಟ್ಟರೆ ಬಲೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ಇನ್ನೊಂದು ಬದಿಯಲ್ಲಿ ಏನೂ ಹೇಳದ ಗೋಡೆ ಬರುತ್ತದೆ. ಎದುರಿನಿಂದ ತೆಗೆಯುವಾಗ ಅವರ ಎಡ ನಿಮ್ಮ ಬಲವಾಗುವುದರಿಂದ, ಅವರನ್ನು ಚೌಕಟ್ಟಿನ ಎಡಭಾಗದಲ್ಲಿಟ್ಟು ಬಲೆಗೆ ಬಲಭಾಗವನ್ನು ಬಿಟ್ಟುಕೊಡಿ. ಆಗ ಬಲೆಯ ಮಡಿಕೆಗಳೆಲ್ಲ ಅವರ ಕೈಯ ಕಡೆಗೇ ಹರಿದುಬರುತ್ತವೆ, ನೋಡುವವರ ಕಣ್ಣೂ ಅದೇ ದಾರಿ ಹಿಡಿದು ಕೈಗೆ ಬಂದು, ಕೈಯಿಂದ ಮುಖಕ್ಕೆ ಏರುತ್ತದೆ. ಇಲ್ಲಿ ಬದಿಗೆ ಸರಿಸಬೇಕೆಂದು ಹೇಳಿದ್ದು ಬಲೆ.

ಇದೇ ಚಿತ್ರದಿಂದ ನೋಟದ ವಿಷಯಕ್ಕೂ ಬರಬಹುದು. ವ್ಯಕ್ತಿ ಯಾವ ಕಡೆ ನೋಡುತ್ತಿದ್ದಾನೋ ಆ ಕಡೆ ಹೆಚ್ಚು ಜಾಗ ಬಿಡಬೇಕು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಬಹುಪಾಲು ಅದು ನಿಜ, ಏಕೆಂದರೆ ಚಿತ್ರದಲ್ಲಿರುವವರ ನೋಟವನ್ನು ನಮ್ಮ ಕಣ್ಣು ಹಿಂಬಾಲಿಸುತ್ತದೆ. ಆ ನೋಟ ಹತ್ತಿರದ ಅಂಚಿಗೆ ಬಡಿದು ನಿಂತರೆ ನಮಗೂ ಉಸಿರು ಕಟ್ಟಿದಂತಾಗುತ್ತದೆ. ಆದರೆ ಕೆಲಸದಲ್ಲಿ ಮುಳುಗಿದವರು ಪಕ್ಕಕ್ಕೆ ನೋಡುವುದಿಲ್ಲ, ತಮ್ಮ ಕೈಯನ್ನು ನೋಡುತ್ತಾರೆ. ಬಲೆ ಹೆಣೆಯುವವರಿಗೆ, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿಯುವವರಿಗೆ ಜಾಗ ಬೇಕಾಗುವುದು ಮುಖದ ಕೆಳಗೆ. ಇಂಥವರ ತಲೆಯನ್ನು ಮೇಲಿನ ಅಂಚಿಗೆ ಸಾಕಷ್ಟು ಹತ್ತಿರ ಕೊಂಡೊಯ್ಯಲು ಹಿಂಜರಿಯಬೇಡಿ. ಕೈ ಮಾತ್ರ ಪೂರ್ತಿ ಒಳಗಿರಲಿ, ಬೆರಳು ಕತ್ತರಿಸಬಾರದು. ಇನ್ನು ನೋಟ ಚಿಕ್ಕ ಕಡೆಗೇ ಹೋಗುವಂತೆ ಬೇಕೆಂದೇ ಇಡುವುದೂ ಉಂಟು. ದೋಣಿ ಮರಳುವುದನ್ನು ಕಾಯುತ್ತ ದಂಡೆಯಲ್ಲಿ ನಿಂತ ಹೆಂಗಸು ಹತ್ತಿರದ ಅಂಚಿನಾಚೆಗೆ ನೋಡುತ್ತಿದ್ದು, ಅವಳ ಬೆನ್ನ ಹಿಂದಿನ ದೊಡ್ಡ ಜಾಗದಲ್ಲಿ ಖಾಲಿ ಬುಟ್ಟಿಗಳ ಸಾಲು ಇದ್ದರೆ, ಆ ಕಾಯುವಿಕೆಯೇ ಚಿತ್ರವಾಗುತ್ತದೆ. ಬೆನ್ನ ಹಿಂದೆ ಏನೂ ಇಲ್ಲದಿದ್ದರೆ ಇದನ್ನು ಮಾಡಬೇಡಿ.

ಎರಡು ಕಡೆಯ ತೂಕ ಸರಿದೂಗಿಸುವುದು ಹೇಗೆ? ಪಾತಿ ದೋಣಿಯಲ್ಲಿ ಭಾರದ ಮನುಷ್ಯ ನಡುವಿಗೆ ಸಮೀಪವಾಗಿ ಒಂದು ಬದಿಗೆ ಕುಳಿತರೆ, ಇನ್ನೊಂದು ಬದಿಯ ಅಂಚಿನಲ್ಲಿ ಒಬ್ಬ ಹುಡುಗ ಕುಳಿತರೂ ದೋಣಿ ವಾಲುವುದಿಲ್ಲ, ಚೌಕಟ್ಟಿನಲ್ಲೂ ಹಾಗೆಯೇ. ಮುಖ ಬಹಳ ಭಾರದ ವಸ್ತು. ಅದರ ಎದುರು ಬದಿಯ ದೂರದ ಅಂಚಿನಲ್ಲಿ ಒಂದು ಸಣ್ಣ ಕಿಟಕಿ, ಗೋಡೆಗೆ ನೇತುಹಾಕಿದ ಛತ್ರಿ, ಮಸುಕಾಗಿ ಕಾಣುವ ಇನ್ನೊಬ್ಬ ವ್ಯಕ್ತಿ ಇದ್ದರೂ ಸಾಕು. ಎಚ್ಚರ ಬೇಕಾದದ್ದು ಹೊಳಪು ಮತ್ತು ಗಾಢ ಬಣ್ಣದ ವಿಷಯದಲ್ಲಿ. ಅಡಕೆ ತೋಟದಲ್ಲಿ ಹೆಡಲುಗಳ ಸಂದಿಯಿಂದ ಇಣುಕುವ ಬಿಳಿಯ ಆಕಾಶದ ಒಂದು ತುಂಡು, ಮಳೆಗಾಲದಲ್ಲಿ ಮನೆಮನೆಗೂ ಕಟ್ಟುವ ನೀಲಿ ತಾಡಪಾಲು, ಕೆಂಪು ಪ್ಲಾಸ್ಟಿಕ್ ಕುರ್ಚಿ, ಇವು ಖಾಲಿ ಬದಿಯಲ್ಲಿದ್ದರೆ ಮುಖವನ್ನು ಸೋಲಿಸಿಬಿಡುತ್ತವೆ. ಕ್ಯಾಮೆರಾದ ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿ. ಮೊದಲು ಎದ್ದು ಕಾಣುವುದು ಮುಖವಲ್ಲದಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಆ ಬಣ್ಣವನ್ನು ಕಂಬದ ಹಿಂದೆ ಮರೆಯಾಗಿಸಿ.

ಕರಾವಳಿಗೆ ಬಂದು ಕಡಲಿನ ಎದುರು ತೆಗೆಯುವುದಾದರೆ ದಿಗಂತದ ಗೆರೆಯೇ ದೊಡ್ಡ ತೊಂದರೆ. ಅದು ನೇರ, ಉದ್ದ, ಎಲ್ಲಿಗೆ ಬೀಳುತ್ತದೋ ಅಲ್ಲಿ ಕತ್ತರಿಸುತ್ತದೆ. ನಿಂತಿರುವವರ ಮೈಮೇಲೆ ದಿಗಂತ ಹಾಯುವುದು ನಿಮ್ಮ ಕ್ಯಾಮೆರಾದ ಎತ್ತರದಲ್ಲಿ ಎಂಬುದನ್ನು ನೆನಪಿಡಿ. ನೀವೂ ಅವರೂ ಒಂದೇ ಎತ್ತರವಿದ್ದು, ಕ್ಯಾಮೆರಾ ನಿಮ್ಮ ಕಣ್ಣಿನ ಮಟ್ಟದಲ್ಲಿದ್ದರೆ ಗೆರೆ ಅವರ ಕಣ್ಣಿನ ಮೇಲೆಯೇ ಹೋಗುತ್ತದೆ, ತುಸು ಇಳಿಸಿದರೆ ಕುತ್ತಿಗೆ ಕೊಯ್ಯುತ್ತದೆ. ಕ್ಯಾಮೆರಾವನ್ನು ಎದೆಯ ಮಟ್ಟಕ್ಕೋ ಸೊಂಟದ ಮಟ್ಟಕ್ಕೋ ಇಳಿಸಿದರೆ ತಲೆಯೂ ಭುಜವೂ ಆಕಾಶಕ್ಕೆ ಬಂದು ಬಿಡಿಸಿ ಕಾಣುತ್ತವೆ. ಬದಿಗೆ ಇಟ್ಟ ವ್ಯಕ್ತಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಆ ಗೆರೆಯ ಉದ್ದದ ತುಂಡು ಪೂರ್ತಿ ಅವರ ಕಡೆಗೇ ಬೆರಳು ಮಾಡುತ್ತಿರುತ್ತದೆ. ನಮ್ಮ ಕಡಲು ಪಶ್ಚಿಮಕ್ಕಿರುವುದರಿಂದ ಕಡಲನ್ನು ಹಿನ್ನೆಲೆಯಾಗಿಟ್ಟು ಮುಖವನ್ನೂ ತೋರಿಸಬೇಕಿದ್ದರೆ ಬೆಳಗ್ಗೆಯೇ ಒಳ್ಳೆಯದು. ಸಂಜೆ ಸೂರ್ಯ ಅವರ ಬೆನ್ನಿಗೆ ಹೋಗಿ ಮುಖ ಕಪ್ಪಾಗುತ್ತದೆ.

ನೀವು ಮೊಬೈಲಿನಲ್ಲಿ ತೆಗೆಯುತ್ತೀರೋ ಕ್ಯಾಮೆರಾದಲ್ಲೋ ತಿಳಿಸಿಲ್ಲ. ಮೊಬೈಲಾದರೆ ಒಂದು ಮಾತು ಅಗತ್ಯ. ಅದರ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಫುಲ್‌ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನ ಅಳತೆಯ ಸೆನ್ಸರ್) ಲೆಕ್ಕದ 24ರಿಂದ 28 ಮಿ.ಮೀ. ಆಸುಪಾಸಿನದು, ಅಂದರೆ ಸಾಕಷ್ಟು ಅಗಲದ ನೋಟ ಹಿಡಿಯುವಂಥದು. ಇಂಥ ಲೆನ್ಸು ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ಸಲುವಾಗಿ ಅಂಚಿನಲ್ಲಿರುವ ದುಂಡನೆಯ ವಸ್ತುಗಳನ್ನು ಹೊರಕ್ಕೆ ಎಳೆಯುತ್ತದೆ. 24 ಮಿ.ಮೀ. ಲೆನ್ಸಿನಲ್ಲಿ ಅಡ್ಡ ಚೌಕಟ್ಟಿನ ಮೂರನೇ ಒಂದರ ಗೆರೆಯ ಮೇಲೆ ಈ ಎಳೆತ ಸುಮಾರು ಶೇ. 3 ಮಾತ್ರ, ಕಣ್ಣಿಗೆ ಕಾಣುವುದಿಲ್ಲ. ಪಕ್ಕದ ಅಂಚಿಗೆ ಹೋದರೆ ಅದು ಸುಮಾರು ಶೇ. 25 ಆಗುತ್ತದೆ, ಕೆನ್ನೆ ಊದಿ ತಲೆ ಓರೆಯಾಗುತ್ತದೆ. ಆದ್ದರಿಂದ ಮುಖವನ್ನು ಬಹಳ ಬದಿಗೆ ಒಯ್ಯಬೇಕಿದ್ದರೆ ಎರಡುಪಟ್ಟು ಜೂಮ್ ಆರಿಸಿ, ಹಿಂದಕ್ಕೆ ಹೋಗಿ ತೆಗೆಯಿರಿ. 50 ಮಿ.ಮೀ. ಆಸುಪಾಸಿನಲ್ಲಿ ಅಂಚಿನ ಎಳೆತವೂ ಶೇ. 6ರಷ್ಟಕ್ಕೆ ಇಳಿಯುತ್ತದೆ.

ಫೋಕಸ್ ವಿಷಯ ಚಿಕ್ಕದು. ನಡುವಿನ ಬಿಂದುವಿನಲ್ಲಿ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ತಿರುಗಿಸುವ ಹಳೆಯ ಪದ್ಧತಿಯಲ್ಲಿ ಸ್ಪಷ್ಟತೆಯ ಮಟ್ಟ ಕಣ್ಣಿಗಿಂತ ತುಸು ಹಿಂದಕ್ಕೆ, ಕಿವಿಯ ಕಡೆಗೆ ಜಾರುತ್ತದೆ. 85 ಮಿ.ಮೀ. ಲೆನ್ಸಿನ ಬೆಳಕಿನ ಕಿಂಡಿಯನ್ನು (ಅಪರ್ಚರ್) ಎಫ್ 1.8ರಷ್ಟು ಅಗಲಕ್ಕೆ ತೆರೆದು ಒಂದೂವರೆ ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳವೇ ಒಟ್ಟು ಮೂರೂವರೆ ಸೆಂ.ಮೀ. ಆಸುಪಾಸು, ಮಾತಾಡುತ್ತ ಅಲುಗಾಡುವ ಹಿರಿಯರ ಮುಂದೆ ಆ ಜಾರುವಿಕೆಗೂ ಎಡೆಯಿಲ್ಲ. ಚೌಕಟ್ಟನ್ನು ಮೊದಲು ನಿಲ್ಲಿಸಿ, ಫೋಕಸ್ ಬಿಂದುವನ್ನೇ ಕಣ್ಣಿನ ಮೇಲಕ್ಕೆ ಸರಿಸಿ. ಕಣ್ಣನ್ನು ತಾನೇ ಹುಡುಕುವ ಸೌಲಭ್ಯವಿದ್ದರೆ ಬಳಸಿ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳೊತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಅಲ್ಲಿಗೇ ನಿಲ್ಲುತ್ತವೆ. ಇಲ್ಲದಿದ್ದರೆ ಕ್ಯಾಮೆರಾ ನಡುವಿನ ಹೊಳೆಯುವ ಜಾಗವನ್ನೇ ಅಳೆದು ಬದಿಯ ಮುಖವನ್ನು ಕಪ್ಪಾಗಿಸಬಹುದು.

ನಡುವೆ ಇಡುವುದು ತಪ್ಪೆಂದು ಮಾತ್ರ ತಿಳಿಯಬೇಡಿ. ಯಕ್ಷಗಾನದ ರಾಜವೇಷ ಪೂರ್ತಿ ಸಿದ್ಧವಾಗಿ ಎದುರು ಮುಖ ಮಾಡಿ ನಿಂತಾಗ ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲವೂ ಎಡಬಲ ಸಮವಾಗಿರುತ್ತವೆ. ಆ ಗಾಂಭೀರ್ಯವನ್ನು ಬದಿಗೆ ಸರಿಸಿ ಕೆಡಿಸಬಾರದು. ಕಿರೀಟಕ್ಕೆ ಜಾಗ ಬೇಕಾದ್ದರಿಂದ ಕಣ್ಣುಗಳು ಮೇಲಿನ ಗೆರೆ ಬಿಟ್ಟು ಅರ್ಧಕ್ಕೆ ಇಳಿದರೂ ಸರಿಯೇ. ಅದೇ ಕಲಾವಿದ ಅರ್ಧಗಂಟೆ ಮೊದಲು ಚೌಕಿಯಲ್ಲಿ ಚಿಕ್ಕ ಕನ್ನಡಿ ಹಿಡಿದು ಹುಬ್ಬು ತೀಡುತ್ತಿರುವಾಗ ಅವನ ಕೆನ್ನೆ ಒಂದು ಬದಿ, ಕನ್ನಡಿಯೊಳಗಿನ ಕಣ್ಣು ಇನ್ನೊಂದು ಬದಿ ಇರಬೇಕು. ಅರ್ಧ ಮನುಷ್ಯ, ಅರ್ಧ ವೇಷ ಎಂಬ ಆ ಹೊತ್ತು ನಡುವೆ ಇಟ್ಟ ಚಿತ್ರಕ್ಕೆ ಸಿಗುವುದಿಲ್ಲ.

ನಿಮ್ಮ ಮನೆಯ ಜಗುಲಿಯಲ್ಲಿ ಇದನ್ನು ಹೀಗೆ ಮಾಡಿ ನೋಡಿ. ಅಜ್ಜನೋ ಅಜ್ಜಿಯೋ ಜಗುಲಿಯ ಕಂಬಕ್ಕೆ ಒರಗಿ ಕೂರಲಿ. ಒಳಗಿನಿಂದ ಅಂಗಳದ ಕಡೆಗೆ ತೆಗೆದರೆ ಒಣಹಾಕಿದ ಅಡಕೆಯ ಮೇಲಿನ ಬಿಸಿಲು ಬೆಳ್ಳಗೆ ಸುಟ್ಟುಹೋಗುತ್ತದೆ, ಮುಖ ಕತ್ತಲಾಗುತ್ತದೆ. ಅಂಗಳಕ್ಕಿಳಿದು ಜಗುಲಿಯ ಕಡೆ ತಿರುಗಿ: ಅಂಗಳದಿಂದ ಪುಟಿದ ಮೆದು ಬೆಳಕು ಅವರ ಮುಖಕ್ಕೆ ಬೀಳುತ್ತದೆ, ಹಿಂದೆ ಬಾಗಿಲೊಳಗಿನ ಕತ್ತಲು ಇರುತ್ತದೆ. ಅವರು ಒಂದು ಬದಿ, ಬಾಗಿಲು ಇನ್ನೊಂದು ಬದಿ. ಬಾಗಿಲಲ್ಲಿ ಯಾರಾದರೂ ಬಂದು ನಿಲ್ಲುವವರೆಗೆ ಕಾದರೂ ಆದೀತು, ಬರೀ ಕತ್ತಲೆಯೂ ಆದೀತು. ಕತ್ತಲೆಗೆ ಮುಖವನ್ನು ಎತ್ತಿ ತೋರಿಸುವ ಕೆಲಸವಿದೆ. ಅವರನ್ನು "ಆ ಕಡೆ ನೋಡಿ, ಈ ಕಡೆ ನೋಡಿ" ಎಂದು ಕಾಡುವ ಬದಲು ಪಕ್ಕದಲ್ಲಿ ಮಾತಿಗೆ ಒಬ್ಬರನ್ನು ಕೂರಿಸಿದರೆ ನೋಟ ತಾನಾಗಿ ಆ ಕಡೆ ಹೋಗುತ್ತದೆ, ನೀವು ಜಾಗ ಬಿಡಬೇಕಾದದ್ದೂ ಆ ಕಡೆಗೇ.

ಮೊದಮೊದಲು ತುಸು ಸಡಿಲವಾಗಿಯೇ ತೆಗೆದು, ಆಮೇಲೆ ಮನೆಯಲ್ಲಿ ಕುಳಿತು ನಾಲ್ಕೂ ಅಂಚುಗಳನ್ನು ಒಂದೊಂದಾಗಿ ಒಳಕ್ಕೆ ತರುತ್ತ, ಎಲ್ಲಿ ನಿಂತರೆ ಎರಡು ಬದಿಯೂ ಮಾತಾಡುತ್ತವೆ ಎಂದು ನೋಡಿ. 24 ಮೆಗಾಪಿಕ್ಸೆಲ್ಲಿನ 6000×4000 ಚಿತ್ರದ ಎರಡು ಅಳತೆಗಳನ್ನೂ ಮೂರನೇ ಎರಡಕ್ಕೆ ಇಳಿಸಿದರೂ 4000×2667 ಉಳಿಯುತ್ತದೆ. 12×8 ಇಂಚಿನ ಒಳ್ಳೆಯ ಮುದ್ರಣಕ್ಕೆ ಬೇಕಾಗುವುದು 3600×2400. ಅಷ್ಟು ಕತ್ತರಿಸುವ ಸ್ವಾತಂತ್ರ್ಯ ನಿಮಗಿದೆ.