ಹಳೇ ಲಾರಿ: ಹೌಸಿಂಗ್ ಬಿಚ್ಚುವ ಮೊದಲು ಜಾಯಿಂಟ್ ನೋಡಿ

ಪ್ರಶ್ನೆ: ನನ್ನದು 2008ರ ಆರು ಚಕ್ರದ ಲಾರಿ. ಸೀಸನ್ನಿನಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತೇನೆ, ಉಳಿದ ದಿನ ಇಟ್ಟಿಗೆ, ಜಲ್ಲಿ. ಈಗ ಕ್ಲಚ್ ಬಿಡುವಾಗ ಹಿಂದಿನಿಂದ ‘ಟಕ್’ ಅನ್ನುತ್ತದೆ. ಸ್ಪೀಡ್ ಹೆಚ್ಚಿದರೆ ಹೌಸಿಂಗ್ (ಹಿಂದಿನ ಚಕ್ರಗಳ ನಡುವೆ ಹಲ್ಲುಚಕ್ರಗಳಿರುವ ಉಂಡೆ) ಕಡೆಯಿಂದ ಗುಂಯ್‌ಗುಡುವ ಸದ್ದು. ಲೋಡಿನಲ್ಲಿ ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಒಬ್ಬ ಮೆಕ್ಯಾನಿಕ್ ಹೌಸಿಂಗ್ ಪೂರ್ತಿ ಬದಲಿಸಿ ಅಂತಾರೆ. ಇನ್ನೊಬ್ಬರು ಇಷ್ಟು ಹಳೇ ಗಾಡಿಗೆ ದುಡ್ಡು ಸುರಿಯಬೇಡಿ, ಲೇತ್‌ನಲ್ಲಿ ಸರಿಮಾಡಿಸಿ ಅಂತಾರೆ. ಯಾರ ಮಾತು ಕೇಳಲಿ?
– ಮಳವಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಿಮ್ಮ ಗಾಡಿಯಲ್ಲಿ ಮೂರು ಬೇರೆ ಬೇರೆ ತೊಂದರೆಗಳಿರುವಂತಿದೆ. ಮೂರಕ್ಕೂ ಒಂದೇ ಮದ್ದು ಹಾಕಲು ಹೋದರೆ ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ.

‘ಟಕ್’ ಅನ್ನುವುದರಿಂದ ಶುರು ಮಾಡಿ, ಅದನ್ನು ನೋಡಲು ಖರ್ಚೇ ಇಲ್ಲ. ಮಟ್ಟಸವಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿಡಿ. ಗೇರ್ ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಜಾಯಿಂಟ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ, ಆಮೇಲೆ ಮೇಲೆ ಕೆಳಗೆ ಅಲುಗಿಸಿ. ಕ್ರಾಸ್‌ನಲ್ಲಿ (ಶಾಫ್ಟಿನ ತುದಿಯ + ಆಕಾರದ ಕೀಲು) ಪ್ಲೇ, ಅಂದರೆ ಸಡಿಲ ಕಂಡರೆ ಗ್ರೀಸ್ ತುಂಬಿ ಸುಮ್ಮನಾಗಬೇಡಿ. ಒಮ್ಮೆ ಕ್ರಾಸಿನ ಕಾಲುಗಳ ಮೇಲೆ ಸೂಜಿ ಬೇರಿಂಗಿನ ಗೀರು ಬಿದ್ದರೆ ಗ್ರೀಸ್ ಅದನ್ನು ಮುಚ್ಚುವುದಿಲ್ಲ, ಹೊಸ ಕ್ರಾಸೇ ಆಗಬೇಕು. ಕ್ರಾಸಿನ ಬೇರಿಂಗ್ ಕಪ್ ಕೂರುವ ತೂತು ಅಗಲವಾಗಿದ್ದರೆ ಆ ತೂತಿರುವ ಕವೆಯನ್ನೂ, ಅಂದರೆ ಯೋಕನ್ನೂ ಬದಲಿಸಿ. ಅಲ್ಲಿಗೆ ವೆಲ್ಡಿಂಗ್ ತುಂಬಿ ಲೇತ್‌ನಲ್ಲಿ ಕೊರೆಸುವುದು ನನಗೆ ಒಪ್ಪಿಗೆಯಿಲ್ಲ. ಶಾಫ್ಟಿನ ಬ್ಯಾಲೆನ್ಸ್ ಹೋಗುತ್ತದೆ, ಕಬ್ಬಿನ ಲೋಡಿನಲ್ಲಿ ಬಿರುಕು ಬಿಟ್ಟು ಶಾಫ್ಟ್ ಕಳಚಿ ನೆಲಕ್ಕೆ ಬಿದ್ದರೆ ಹಿಂದೆ ಬರುವವರ ಜೀವಕ್ಕೇ ಕುತ್ತು.

ಇನ್ನು ಗುಂಯ್ ಸದ್ದು. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿದರೆ ಹೌಸಿಂಗ್ ಮೇಲೆ ಅನುಮಾನ ಪಡಿ. ಒತ್ತಿದರೂ ಬಿಟ್ಟರೂ ಒಂದೇ ಸಮ ಇದ್ದು, ತಿರುವಿನಲ್ಲಿ ಮಾತ್ರ ಬದಲಾದರೆ ಮೊದಲು ಹಬ್ ಬೇರಿಂಗ್ ನೋಡಿಸಿ. ಹೌಸಿಂಗ್ ಅಂತಲೇ ಅನ್ನಿಸಿದರೆ ಬಿಚ್ಚುವ ಮುಂಚೆ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಹಿಟ್ಟಿನಂಥ ನುಣ್ಣನೆಯ ಕಪ್ಪು ಪುಡಿ ಅಂಟಿರುವುದು ಸಹಜ. ಉಗುರಿಗೆ ಸಿಗುವಂಥ ಚೂರು, ಹೊಳೆಯುವ ಚಕ್ಕೆ ಬಂದರೆ ಬಿಚ್ಚಲೇಬೇಕು.

ಬಿಚ್ಚಿದಾಗ ನೀವೇ ಪಕ್ಕದಲ್ಲಿ ನಿಂತು ಪಿನಿಯನ್ (ಶಾಫ್ಟ್ ತಿರುಗಿಸುವ ಚಿಕ್ಕ ಹಲ್ಲುಚಕ್ರ), ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಚಕ್ರ) ಎರಡರ ಹಲ್ಲೂ ನೋಡಿ. ಹಲ್ಲು ನುಣುಪಾಗಿದ್ದು ಪಿನಿಯನ್ ಬೇರಿಂಗ್ ಮಾತ್ರ ಸವೆದಿದ್ದರೆ ಬೇರಿಂಗ್, ಸೀಲ್ ಹಾಕಿಸಿ, ಶಿಮ್ (ತೆಳು ತಗಡಿನ ಬಿಲ್ಲೆ) ಕೊಟ್ಟು ಡಯಲ್ ಗೇಜ್ (ಸಣ್ಣ ಸಡಿಲವನ್ನೂ ಅಳೆಯುವ ಸಾಧನ) ಇಟ್ಟು ಸೆಟ್ ಮಾಡಿಸಿದರೆ ಸಾಕು. ಇದನ್ನು ಮುಂದೂಡಬೇಡಿ. ಬೇರಿಂಗ್ ಸಡಿಲವಾದಷ್ಟೂ ಪಿನಿಯನ್ ಜಾಗ ಬಿಟ್ಟು ಸರಿಯುತ್ತದೆ, ಹಲ್ಲುಗಳು ಅಂಚಿನಲ್ಲಿ ಕಚ್ಚತೊಡಗಿ ಒಳ್ಳೆಯ ಕ್ರೌನೂ ಹಾಳಾಗುತ್ತದೆ. ಹಲ್ಲಿನ ಮೇಲೆ ಗುಳಿ ಬಿದ್ದಿದ್ದರೆ, ಮೂಲೆ ಮುರಿದಿದ್ದರೆ ಕ್ರೌನ್, ಪಿನಿಯನ್ ಎರಡೂ ಒಟ್ಟಿಗೆ ಹೋಗಬೇಕು. ಫ್ಯಾಕ್ಟರಿಯಲ್ಲಿ ಅವನ್ನು ಜೋಡಿಯಾಗಿ ಉಜ್ಜಿ, ಎರಡಕ್ಕೂ ಒಂದೇ ನಂಬರ್ ಹೊಡೆದಿರುತ್ತಾರೆ. ಒಂದು ಹಳೆಯದು ಒಂದು ಹೊಸದು ಸೇರಿಸಿದರೆ ಸದ್ದು ಮತ್ತೆ ಶುರುವಾಗುತ್ತದೆ, ಹಲ್ಲೂ ಬಾಳುವುದಿಲ್ಲ.

ಗುಜರಿಯಿಂದ ಪೂರ್ತಿ ಹೌಸಿಂಗ್ ತರುವ ಯೋಚನೆ ಇದ್ದರೆ ಹಲ್ಲು ಎಣಿಸದೆ ದುಡ್ಡು ಕೊಡಬೇಡಿ. ಕ್ರೌನ್ 41, ಪಿನಿಯನ್ 6 ಹಲ್ಲಿದ್ದರೆ ರೇಶಿಯೋ (ಕ್ರೌನ್ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದ್ದು) 6.83, ಪಿನಿಯನ್ 7 ಹಲ್ಲಿದ್ದರೆ 5.86. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಆದರೆ 6.83ರ ಗಾಡಿಗೆ 5.86 ಕೂರಿಸಿದರೆ ಎಳೆತ ಕಡಿಮೆಯಾಗಿ ಕೆಸರುಗದ್ದೆಯಿಂದ ಲೋಡ್ ಎಳೆಯುವಾಗ ಕ್ಲಚ್ ಸುಟ್ಟುಕೊಳ್ಳುತ್ತೀರಿ.

ಏರಿನಲ್ಲಿ ಎಳೆಯದಿರುವುದು ಕ್ಲಚ್ ಜಾರುವ ಲಕ್ಷಣ. ಗೇರ್ ಬಾಕ್ಸ್ ಇಳಿಸುವ ಮೊದಲು ಪೆಡಲ್ ಫ್ರೀ ಪ್ಲೇ (ಒತ್ತಿದಾಗ ಕ್ಲಚ್ ಬಿಡತೊಡಗುವ ಮುಂಚೆ ಪೆಡಲ್ ಸುಮ್ಮನೆ ಇಳಿಯುವ ಅಂತರ) ನೋಡಿಸಿ, ಎಷ್ಟೋ ಸಲ ಅದು ಇಲ್ಲದ್ದಕ್ಕೇ ಜಾರುತ್ತಿರುತ್ತದೆ. ಇಳಿಸಲೇಬೇಕಾದರೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಒಂದಕ್ಕಾದರೂ ಮೂರಕ್ಕಾದರೂ ಇಳಿಸಿ ಏರಿಸುವ ಕೂಲಿ ಅಷ್ಟೇ. ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಕೂರುವ ಇಂಜಿನ್ ಚಕ್ರ) ಮೇಲೆ ನೀಲಿ ಕಲೆ, ಸಣ್ಣ ಗೆರೆ ಇದ್ದರೆ ಮಿತಿಯೊಳಗೆ ಲೇತ್‌ನಲ್ಲಿ ಹೊಡೆಸಬಹುದು, ಇಲ್ಲಿ ಲೇತ್ ಕೆಲಸ ಸರಿಯಾದದ್ದೇ. ಕ್ರ್ಯಾಂಕ್‌ನ ಹಿಂದಿನ ಸೀಲಿನಿಂದ ಆಯಿಲ್ ಸೋರುತ್ತಿದ್ದರೆ ಅದನ್ನೂ ಆಗಲೇ ಮುಗಿಸಿ. ಇಲ್ಲದಿದ್ದರೆ ಹೊಸ ಪ್ಲೇಟಿಗೂ ಎಣ್ಣೆ ಕುಡಿಸಿದಂತಾಗುತ್ತದೆ.

ಈ ಗಾಡಿಗೆ ಅಷ್ಟು ಹಾಕಬೇಕೇ ಅನ್ನುವುದನ್ನು ಚಾಸಿ ನೋಡಿ ತೀರ್ಮಾನಿಸಿ. ಹಿಂದಿನ ಪಟ್ಟೆ (ಲೀಫ್ ಸ್ಪ್ರಿಂಗ್) ಬ್ರಾಕೆಟ್‌ಗಳ ಸುತ್ತ ಬಿರುಕು, ತಿಂದುಹಾಕಿದ ತುಕ್ಕು ಇದ್ದರೆ ಹೌಸಿಂಗಿಗೆ ದೊಡ್ಡ ಖರ್ಚು ಬೇಡ. ಹೇಗೂ ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಇದ್ದೇ ಇದೆ. ಚಾಸಿ ಗಟ್ಟಿಯಾಗಿದ್ದು ಇಂಜಿನ್ ಹೊಗೆ ಕಾರದಿದ್ದರೆ, ನಾನಾದರೆ ಕ್ರಾಸ್, ಕ್ಲಚ್, ಪಿನಿಯನ್ ಬೇರಿಂಗ್ ಹಾಕಿಸಿ ಗಾಡಿ ಉಳಿಸಿಕೊಳ್ಳುತ್ತೇನೆ. ಕಬ್ಬು ಅರೆಯುವ ಕಾಲಕ್ಕೆ ಮುಂಚೆಯೇ ಮುಗಿಸಿ.

ಪ್ರಶ್ನೆ: ಲಾರಿಯ ಸೆಂಟರ್ ಬೇರಿಂಗ್ (ಉದ್ದದ ಜಾಯಿಂಟ್ ಶಾಫ್ಟನ್ನು ನಡುವೆ ಹಿಡಿದಿಡುವುದು) ಪದೇ ಪದೇ ಹೋಗುತ್ತಿದೆ. ಒಳ್ಳೆಯ ಕಂಪನಿಯದ್ದೇ ಹಾಕಿಸಿದರೂ ನಿಲ್ಲುತ್ತಿಲ್ಲ, ಏನು ಮಾಡಲಿ?
– ಮೈಸೂರು ಹೆಬ್ಬಾಳದ ಓದುಗರು

ಉತ್ತರ: ಬೇರಿಂಗಿನ ತಪ್ಪಲ್ಲ. ಶಾಫ್ಟ್ ಬಿಚ್ಚಿ ಸೇರಿಸುವಾಗ ಸ್ಲಿಪ್ ಜಾಯಿಂಟಿನ (ಶಾಫ್ಟಿನ ತುಂಡುಗಳು ಹಲ್ಲಿನ ಮೇಲೆ ಒಂದರೊಳಗೊಂದು ಜಾರುವ ಕೂಡು) ಎರಡು ಬಾಣದ ಗುರುತುಗಳು ಎದುರುಬದುರು ಬಂದಿವೆಯೇ ನೋಡಿ. ಒಂದು ಹಲ್ಲು ತಪ್ಪಿ ಕೂತರೂ ಯೋಕ್‌ಗಳು ಸಾಲು ತಪ್ಪಿ ಶಾಫ್ಟ್ ನಡುಗುತ್ತದೆ, ಆ ನಡುಕ ಬೇರಿಂಗಿನ ರಬ್ಬರನ್ನು ಹರಿದುಹಾಕುತ್ತದೆ. ಗುರುತು ಸರಿಯಿದ್ದರೆ ಇಂಜಿನ್, ಗೇರ್ ಬಾಕ್ಸ್ ಮೌಂಟಿಂಗ್ ಕುಸಿದಿದೆಯೇ ನೋಡಿಸಿ, ಆಮೇಲೆ ಶಾಫ್ಟ್ ಬಾಗಿದೆಯೇ ಅಂತ ಬ್ಯಾಲೆನ್ಸಿಂಗ್ ಮೆಷಿನ್ ಇರುವ ಕಡೆ ಕೊಟ್ಟು ಪರೀಕ್ಷೆ ಮಾಡಿಸಿ.