ಎಕ್ಸೋಮ್ (ಪ್ರೋಟೀನ್ ಸಂಕೇತ ಇರುವ ಡಿಎನ್‌ಎ ಭಾಗ) ಡೇಟಾದಿಂದ ಕಾಪಿ ನಂಬರ್, ಅಂದರೆ ಜೀನ್‌ನ ಪ್ರತಿಗಳು ಎಷ್ಟಿವೆ ಅಂತ ಅಳೆಯಲು ಯಾವ ಟೂಲ್ ಒಳ್ಳೆಯದು? ಕವರೇಜ್ (ಒಂದೊಂದು ಜಾಗವನ್ನು ಸರಾಸರಿ ಎಷ್ಟು ಸಲ ಓದುತ್ತೇವೆ ಅನ್ನೋದು) 100ರಿಂದ 200ಕ್ಕೆ ಏರಿಸಬೇಕಾ? ಎಸ್‌ಎಂಎನ್1 ಜೀನ್ ಕೂಡ ನೋಡಬಹುದಾ? ನಿಮ್ಮ ಪ್ರಶ್ನೆಗಳು ಇವು.

ನಾಲ್ಕು ವರ್ಷದ ಹಿಂದೆ ನಾನೂ ಟೂಲ್ ಆರಿಸೋದರಲ್ಲೇ ಒಂದು ತಿಂಗಳು ಕಳೆದೆ. ಕೊನೆಗೆ ಎಕ್ಸೋಮ್‌ಡೆಪ್ತ್ ಹಿಡಿದೆ. ಟೂಲ್ ಚೆನ್ನಾಗಿಯೇ ಇತ್ತು. ತಪ್ಪಿದ್ದು ನಾನು.

ಒಂದೇ ಕಾಯಿಲೆಯ 24 ಜನರ ಎಕ್ಸೋಮ್ ನನ್ನ ಹತ್ತಿರ ಇತ್ತು. ಹೋಲಿಸಲು ಆರೋಗ್ಯವಂತರ ಸ್ಯಾಂಪಲ್ ಬೇಕಲ್ವಾ? ಹಳೆಯ ಪ್ರಾಜೆಕ್ಟಿನವು ಸರ್ವರ್‌ನಲ್ಲಿ ಇದ್ದವು, ಎತ್ತಿಕೊಂಡೆ. ಅವು ಬೇರೆ ಕ್ಯಾಪ್ಚರ್ ಕಿಟ್‌ನವು (ಡಿಎನ್‌ಎಯಿಂದ ಎಕ್ಸೋಮ್ ಭಾಗವನ್ನಷ್ಟೇ ಹಿಡಿದು ತೆಗೆಯುವ ಕಿಟ್) ಅಂತ ಗೊತ್ತಿತ್ತು. ಎರಡೂ ಕಿಟ್‌ನಲ್ಲಿರುವ ಎಕ್ಸಾನ್‌ಗಳನ್ನಷ್ಟೇ (ಎಕ್ಸೋಮ್‌ನ ಒಂದೊಂದು ತುಂಡು) ಇಟ್ಟುಕೊಂಡರೆ ಸಾಕು ಅಂದುಕೊಂಡೆ.

ಸಾಲಲಿಲ್ಲ. ಇಲ್ಲಿ ಯಾರೂ ಪ್ರತಿಗಳನ್ನು ನೇರವಾಗಿ ಎಣಿಸೋದಿಲ್ಲ. ಎಕ್ಸಾನ್ ಮೇಲೆ ಬಿದ್ದ ರೀಡ್‌ಗಳನ್ನು (ಯಂತ್ರ ಓದಿದ ಚಿಕ್ಕ ಡಿಎನ್‌ಎ ತುಣುಕುಗಳು) ಎಣಿಸಿ ಬೇರೆಯವರ ಜೊತೆ ಹೋಲಿಸುತ್ತೇವೆ. ಇರಬೇಕಾದ ಎರಡು ಪ್ರತಿಗಳಲ್ಲಿ ಒಂದು ಹೋಗಿದ್ದರೆ ಅನುಪಾತ 0.5ರ ಹತ್ತಿರ, ಒಂದು ಹೆಚ್ಚಿದ್ದರೆ 1.5. ಆದರೆ ಪ್ರೋಬ್ (ಎಕ್ಸಾನ್ ಹಿಡಿಯಲು ಕಿಟ್‌ನಲ್ಲಿರುವ ತುಣುಕು) ಎಲ್ಲಿ ಅಂಟುತ್ತದೆ, ಜಿಸಿ (ಡಿಎನ್‌ಎಯಲ್ಲಿ ಜಿ, ಸಿ ಅಕ್ಷರಗಳ ಪಾಲು) ಎಷ್ಟಿದೆ, ಡಿಎನ್‌ಎ ನಕಲು ಮಾಡುವ ಪಿಸಿಆರ್ ಎಷ್ಟು ಸುತ್ತು ಓಡಿತು, ಎಲ್ಲದರಿಂದಲೂ ರೀಡ್ ಹೆಚ್ಚುಕಮ್ಮಿ ಆಗುತ್ತದೆ. ಎಕ್ಸಾನ್ ಅದೇ ಇದ್ದರೂ ಕಿಟ್ ಬದಲಾದರೆ ಪ್ರೋಬ್ ಬೇರೆ. ನಾನು ಅಳೆದದ್ದು ಎರಡು ಕಿಟ್‌ಗಳ ನಡುವಿನ ವ್ಯತ್ಯಾಸವನ್ನು.

ಟೂಲ್ ಎಚ್ಚರಿಸಿತ್ತು. ಪರೀಕ್ಷೆಯ ಸ್ಯಾಂಪಲ್ ಮತ್ತು ಹೋಲಿಕೆಯ ಸ್ಯಾಂಪಲ್‌ಗಳ ಎಣಿಕೆಯ ನಡುವಿನ ಕೋರಿಲೇಷನ್ (ಎಷ್ಟು ಹೊಂದುತ್ತವೆ ಅನ್ನೋದು) 0.97ಕ್ಕಿಂತ ಮೇಲಿರಬೇಕು ಎಂಬ ಸಾಲು ಪರದೆ ಮೇಲೆ ಬಂತು. ನನ್ನದು 0.91. ಓದಿದೆ, ಮುಂದೆ ಹೋದೆ.

17 ಜನರಲ್ಲಿ ಒಂದೇ ಜೀನ್‌ನ ಮೊದಲ ಎಕ್ಸಾನ್ ಡಿಲೀಟ್ ಆದಂತೆ ಕಂಡಿತು. ಒಂದು ಕುಟುಂಬಕ್ಕೆ ಹೇಳುವ ಹಂತಕ್ಕೂ ಬಂದಿದ್ದೆವು. ಅದಕ್ಕೆ ಮುಂಚೆ ಎಂಎಲ್‌ಪಿಎ (ಆಯ್ದ ಎಕ್ಸಾನ್‌ಗಳ ಪ್ರತಿ ಎಷ್ಟು ಅಂತ ನೋಡುವ ಬೇರೆ ಲ್ಯಾಬ್ ಪರೀಕ್ಷೆ) ಮಾಡಿಸಿದೆವು. 17 ಜನರಲ್ಲೂ ಎರಡೆರಡು ಪ್ರತಿ! ಪಟ್ಟಿ ತೆಗೆದು ನೋಡಿದರೆ ಬೇರೆ ಜೀನ್‌ಗಳಲ್ಲೂ ಕುಸಿದದ್ದು ಹೆಚ್ಚಾಗಿ ಮೊದಲ ಎಕ್ಸಾನ್‌ಗಳೇ. ಜಿಸಿ ಜಾಸ್ತಿ ಇರೋದು ಸಾಮಾನ್ಯವಾಗಿ ಅಲ್ಲೇ. ಐದು ತಿಂಗಳ ಕೆಲಸ ಹೋಯಿತು.

ಹಾಗಾಗಿ ಟೂಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕವರೇಜ್ ಏರಿಸಿದರೆ ಎಣಿಕೆಯ ಏರುಪೇರು ತಗ್ಗುತ್ತದೆ, ಕಿಟ್‌ನ ಓರೆ ಹಾಗೇ ಉಳಿಯುತ್ತದೆ. ಅದೇ ಕಿಟ್, ಅದೇ ಲ್ಯಾಬ್, ಆದಷ್ಟು ಅದೇ ರನ್‌ನ ಸ್ಯಾಂಪಲ್‌ಗಳ ಜೊತೆ ಹೋಲಿಸಿ. ಎಕ್ಸ್ ಕ್ರೋಮೋಸೋಮ್‌ಗೆ ಗಂಡು, ಹೆಣ್ಣು ಬೇರೆ ಬೇರೆ ಇಡಿ. ಕವರೇಜ್‌ಗೆ ಇಟ್ಟ ಹಣವಿದ್ದರೆ ಪಿಸಿಆರ್ ಇಲ್ಲದ, 30 ಪಟ್ಟು ಕವರೇಜ್‌ನ ಪೂರ್ತಿ ಜೀನೋಮ್ ಮಾಡಿಸಿ, ನನ್ನ ಮಟ್ಟಿಗೆ ಅದೇ ಮೇಲು.

ಎಸ್‌ಎಂಎನ್1 ಕೂಡ ನೋಡಬೇಕು ಅಂದಿದ್ದೀರಿ. ಅದನ್ನು ಎಕ್ಸೋಮ್‌ನಿಂದ ನೋಡುವ ಜೀನ್‌ಗಳ ಪಟ್ಟಿಯಿಂದ ತೆಗೆದುಬಿಡಿ. ಎಸ್‌ಎಂಎನ್2 ಎಂಬ ಇನ್ನೊಂದು ಜೀನ್ ಅದರ ಪಡಿಯಚ್ಚಿನಂತಿದೆ, ಚಿಕ್ಕ ರೀಡ್ ಯಾವುದರದ್ದು ಅಂತ ಸಾಮಾನ್ಯ ಟೂಲ್‌ಗೆ ತಿಳಿಯೋದಿಲ್ಲ. ಅದಕ್ಕೆ ನೇರವಾಗಿ ಎಂಎಲ್‌ಪಿಎ ಮಾಡಿಸಿ.