ಚಾರಣಕ್ಕೆ ತುರ್ತು ಶೆಲ್ಟರ್: ಬೆಳ್ಳಿ ಹಾಳೆ ಸಾಕಾ, ಬೇರೆ ಏನಾದರೂ ಬೇಕಾ?

ಬೇರೆ ಬೇಕು. ಆನ್‌ಲೈನ್‌ನಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ಬೆಳ್ಳಿ ಬಣ್ಣದ ಎಮರ್ಜೆನ್ಸಿ ಬ್ಲ್ಯಾಂಕೆಟ್ ಒಂದನ್ನೇ ನೆಚ್ಚಿಕೊಂಡು ಹೊರಡಬೇಡಿ.

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ನೀವು ನಾಲ್ಕು ಜನ. ಮಳೆ ಕಡಿಮೆಯಾದ ಮೇಲೆ ಕುದುರೆಮುಖ, ಕುಮಾರ ಪರ್ವತ. ಬರುವ ಮೇ ತಿಂಗಳಲ್ಲಿ ಉತ್ತರಾಖಂಡ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯುವ ಲೆಕ್ಕ, ಹಾಗಾಗಿ ಟೆಂಟ್ ಹೊರುವುದಿಲ್ಲ. ಇಳಿಯಲು ಆಗದೇ ಹೋದರೆ ರಾತ್ರಿ ಕಳೆಯುವುದಕ್ಕೆ ಬ್ಯಾಗಿನಲ್ಲಿ ಏನಿರಬೇಕು, ಅದು ಹಗುರವಾಗಿರಬೇಕು, ಕೈಗೆಟಕುವ ಬೆಲೆಯಲ್ಲಿರಬೇಕು.

ಮೊದಲು ನಮ್ಮ ಘಟ್ಟದಲ್ಲಿ ತೊಂದರೆ ಹೇಗೆ ಶುರುವಾಗುತ್ತದೆ ನೋಡಿ. ಮಧ್ಯಾಹ್ನ ಮೂರೂವರೆಗೆ ಒಬ್ಬರ ಕಾಲು ಉಳುಕುತ್ತದೆ. ಅಥವಾ ಬೋಳು ಗುಡ್ಡದ ಮೇಲೆ ಮಂಜು ಮುಸುಕಿ ದಾರಿ ಕಾಣದಂತಾಗುತ್ತದೆ. ಅಥವಾ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಸಂಜೆ ಸೊಂಟದ ಮಟ್ಟಕ್ಕೆ ಬಂದಿರುತ್ತದೆ. ಮೈ ಪೂರ್ತಿ ಒದ್ದೆ, ಗಾಳಿ ಬೀಸುತ್ತಿದೆ, ಕತ್ತಲಾಗುತ್ತಿದೆ. ಇಲ್ಲಿ ಹಿಮ ಬೀಳುವುದಿಲ್ಲವಲ್ಲ, ಚಳಿಗೆ ಯಾರು ಸಾಯುತ್ತಾರೆ ಅಂತ ಅನ್ನಿಸಬಹುದು. ಆದರೆ ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದೇ ಹೈಪೋಥರ್ಮಿಯಾ. ಅದಕ್ಕೆ ಸೊನ್ನೆ ಡಿಗ್ರಿಯ ಚಳಿ ಬೇಕಿಲ್ಲ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ 10 ಡಿಗ್ರಿಯೂ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಜೀನ್ಸ್, ಕಾಟನ್ ಟೀಶರ್ಟ್ ಹಾಕಿಕೊಂಡು ನೆಂದವರ ಪಾಡು ಇದೇ.

ಹಾಗಾಗಿ ಶೆಲ್ಟರ್ ಮೊದಲು ಗಾಳಿ ತಡೆಯಬೇಕು, ಆಮೇಲೆ ಮಳೆ, ಆಮೇಲೆ ನೆಲದ ತಣುವು. ಬಿಸಿಯನ್ನು ಅದು ಕೊಡುವುದಿಲ್ಲ. ಬಿಸಿ ಬರುವುದು ನಿಮ್ಮ ಮೈಯಿಂದಲೇ, ಅದು ಹಾರಿಹೋಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಈಗ ಆ ಬೆಳ್ಳಿ ಹಾಳೆಗೆ ಬರೋಣ. 1960ರ ದಶಕದಲ್ಲಿ ನಾಸಾ ಬಾಹ್ಯಾಕಾಶದ ಕೆಲಸಕ್ಕೆ ಅಂತ ತಯಾರಿಸಿದ ವಸ್ತು ಅದು. ತೀರಾ ತೆಳುವಾದ ಪ್ಲಾಸ್ಟಿಕ್ ಮೇಲೆ ಅಲ್ಯೂಮಿನಿಯಂ ಲೇಪನ. ತೂಕ ಐವತ್ತು ಅರವತ್ತು ಗ್ರಾಂ, ಮಡಚಿದರೆ ಜೇಬಿನಲ್ಲಿ ಕೂರುತ್ತದೆ. ಮೈಯಿಂದ ಹೊರಡುವ ಶಾಖವನ್ನು ವಾಪಸು ಮೈಗೇ ತಿರುಗಿಸುತ್ತದೆ ಅನ್ನುವುದು ನಿಜವೇ. ಆದರೆ ಗಾಳಿಯಲ್ಲಿ ಬಿಚ್ಚಿ ನೋಡಿ. ಪಟಪಟ ಹೊಡೆದುಕೊಳ್ಳುತ್ತದೆ, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಹಾರುತ್ತದೆ, ಒಂದು ಮುಳ್ಳು ತಾಗಿದರೆ ಉದ್ದಕ್ಕೂ ಸೀಳಿಕೊಳ್ಳುತ್ತದೆ. ಕೆಳಗೆ ಹಾಸಿಕೊಂಡರೆ ನೆಲದ ತಣುವು ತಡೆಯುವಷ್ಟು ದಪ್ಪವೂ ಅದಕ್ಕಿಲ್ಲ. ಬೇಡ ಅಂತಲ್ಲ, ತಲೆಗೊಂದು ಇರಲಿ. ಗಾಯಗೊಂಡವರಿಗೆ ಒಣ ಬಟ್ಟೆ ಹಾಕಿಸಿ, ಅದರ ಮೇಲೆ ಇದನ್ನು ಸುತ್ತಿ, ಅದರ ಮೇಲೆ ರೈನ್‌ಕೋಟ್ ಹಾಕಿದರೆ ಒಳ್ಳೆ ಕೆಲಸ ಮಾಡುತ್ತದೆ. ಬಿಸಿಲಿದ್ದರೆ ದೂರಕ್ಕೆ ಮಿಂಚಿಸಿ ಸನ್ನೆಯನ್ನೂ ಮಾಡಬಹುದು.

ಅದೇ ಹಾಳೆಯನ್ನು ಚೀಲದಂತೆ ಮಾಡಿದ ಎಮರ್ಜೆನ್ಸಿ ಬಿವಿ ಬ್ಯಾಗ್ ಇದಕ್ಕಿಂತ ಎಷ್ಟೋ ಮೇಲು. ಒಳಗೆ ತೂರಿಕೊಂಡರೆ ಗಾಳಿಗೆ ಹಾರುವ ಮಾತಿಲ್ಲ. ಸ್ವಲ್ಪ ದಪ್ಪ ಹಾಳೆಯದು ಸುಮಾರು 100 ಗ್ರಾಂ ಬರುತ್ತದೆ. ತೊಂದರೆ ಏನೆಂದರೆ ಬೆವರು, ಉಸಿರಿನ ಹಬೆ ಹೊರಗೆ ಹೋಗುವುದಿಲ್ಲ. ಒಳಗೆಲ್ಲ ಹನಿಗಟ್ಟಿ ಬೆಳಗಿನ ಹೊತ್ತಿಗೆ ನೀವೇ ಒದ್ದೆ. ಮೂಗು, ಬಾಯಿ ಹೊರಗಿಟ್ಟುಕೊಂಡು ಮಲಗಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಹಬೆ ಹೊರಬಿಡುವ ಬಟ್ಟೆಯ ಬಿವಿಗಳೂ ಇವೆ, ಬೆಲೆ ಮತ್ತು ತೂಕ ಎರಡೂ ಜಾಸ್ತಿ. ಒಬ್ಬರೇ ಸುತ್ತುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಿಮಗಲ್ಲ.

ನಿಮ್ಮ ನಾಲ್ಕು ಜನರಿಗೆ, ನಮ್ಮ ಘಟ್ಟಕ್ಕೆ, ಒಂದು ಟಾರ್ಪಾಲು. 3 ಮೀಟರ್ ಉದ್ದ, 3 ಮೀಟರ್ ಅಗಲದ್ದು ನಾಲ್ಕು ಜನ ಕೂರಲು ಧಾರಾಳ. ಸಿಲಿಕಾನ್ ಲೇಪನದ ತೆಳು ನೈಲಾನ್‌ನದಾದರೆ ಅರ್ಧ ಕಿಲೋದ ಆಸುಪಾಸು, ಅಂಗಡಿಯ ನೀಲಿ ಟಾರ್ಪಾಲಾದರೆ ಕಿಲೋ ದಾಟುತ್ತದೆ. ಭಾರ ಅನ್ನಿಸಿದರೂ ನೀಲಿಯದು ಅಗ್ಗ, ಗಟ್ಟಿ, ಯಾವ ಊರಲ್ಲೂ ಸಿಗುತ್ತದೆ. ಹಸಿರು ಬಣ್ಣ, ಮಿಲಿಟರಿ ಡಿಸೈನ್ ಮಾತ್ರ ಬೇಡ. ಹುಡುಕಿಕೊಂಡು ಬರುವವರ ಕಣ್ಣಿಗೆ ನೀವು ಬೀಳಬೇಕು ಅಲ್ವಾ? ಕಿತ್ತಳೆ, ಹಳದಿ, ನೀಲಿ ಯಾವುದಾದರೂ ಸರಿ.

ಹತ್ತು ಮೀಟರ್ ತೆಳು ಹಗ್ಗ ಜೊತೆಗಿಡಿ. ಮೂಲೆಗಳಿಗೆ ತುಂಡು ಹಗ್ಗಗಳನ್ನು ಮನೆಯಲ್ಲೇ ಕಟ್ಟಿಟ್ಟುಕೊಳ್ಳಿ. ಬೆರಳು ಮರಗಟ್ಟಿದಾಗ ಹೊಸದಾಗಿ ಗಂಟು ಹಾಕುವುದು ಎಂಥ ಹಿಂಸೆ ಅಂತ ಒದ್ದೆ ಕೈಯಲ್ಲಿ ಶೂ ಲೇಸ್ ಕಟ್ಟಿ ನೋಡಿದರೆ ಗೊತ್ತಾಗುತ್ತದೆ. ಎರಡು ಮರದ ನಡುವೆ ಹಗ್ಗ ಎಳೆದು, ಟಾರ್ಪಾಲನ್ನು ಅದರ ಮೇಲೆ ಹಾಕಿ, ಸೊಂಟಕ್ಕಿಂತ ಎತ್ತರವಾಗದಂತೆ ತಗ್ಗಾಗಿ ಕಟ್ಟಿ. ಗಾಳಿ ಬರುವ ಕಡೆಯ ಅಂಚು ನೆಲಕ್ಕೆ ತಾಗಿರಲಿ. ಇನ್ನೊಂದು ಸಣ್ಣ ವಿಷಯ. ಮಳೆ ನೀರು ಮರದಿಂದ ಹಗ್ಗದ ಗುಂಟ ಹರಿದು ಬಂದು ಟಾರ್ಪಾಲಿನ ಕೆಳಗೇ ತೊಟ್ಟಿಕ್ಕುತ್ತದೆ. ಟಾರ್ಪಾಲು ಶುರುವಾಗುವ ಒಂದು ಗೇಣು ಮೊದಲು ಹಗ್ಗಕ್ಕೆ ಒಂದು ತುಂಡು ದಾರ ಕಟ್ಟಿ ಇಳಿಬಿಡಿ. ಹರಿದು ಬಂದ ನೀರು ಆ ದಾರ ಹಿಡಿದು ಹೊರಗೇ ಬೀಳುತ್ತದೆ.

ಆದರೆ ಮರ ಎಲ್ಲ ಕಡೆ ಇರುವುದಿಲ್ಲ. ಕುಮಾರ ಪರ್ವತದಲ್ಲಿ ಭಟ್ಟರ ಮನೆ ದಾಟಿ ಕಲ್ಲು ಮಂಟಪದ ಕಡೆ ಹೊರಟರೆ ಹುಲ್ಲಿನ ಬೋಳು ಗುಡ್ಡ. ಕುದುರೆಮುಖದ ಏಣುಗಳೂ ಹಾಗೆಯೇ, ಶೋಲಾ ಕಾಡು ಇರುವುದು ಕಣಿವೆಯ ಮಡಿಲಲ್ಲಿ. ಅಂಥ ಕಡೆ ಕಟ್ಟುವ ಗೋಜಿಗೇ ಹೋಗಬೇಡಿ. ಬ್ಯಾಗುಗಳ ಮೇಲೆ ಒತ್ತೊತ್ತಾಗಿ ಕೂತು, ಟಾರ್ಪಾಲನ್ನು ತಲೆ ಮೇಲಿಂದ ಎಳೆದುಕೊಂಡು, ಅಂಚನ್ನು ಕುಂಡೆಯಡಿ ಸಿಕ್ಕಿಸಿಕೊಳ್ಳಿ. ಮಲೆನಾಡಿನವರು ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಗದ್ದೆಯಲ್ಲಿ ಮಳೆ ಕಳೆದದ್ದೂ ಹೀಗೇ. ನಿಮ್ಮದು ನಾಲ್ಕು ಜನಕ್ಕೆ ಒಂದು ಕೊಪ್ಪೆ.

ಇದೇ ಉಪಾಯವನ್ನು ಅಚ್ಚುಕಟ್ಟಾಗಿ ಹೊಲಿದದ್ದು ಗ್ರೂಪ್ ಶೆಲ್ಟರ್. ಬ್ರಿಟನ್ನಿನ ಬೆಟ್ಟಗಳಲ್ಲಿ ಇದಕ್ಕೆ ಬಾಥಿ ಬ್ಯಾಗ್ ಅನ್ನುತ್ತಾರೆ, ಅಲ್ಲಿನ ಗೈಡ್‌ಗಳ ಬ್ಯಾಗಿನಲ್ಲಿ ಇದು ಸಾಮಾನ್ಯ. ಕೋಲಿಲ್ಲ, ಗೂಟವಿಲ್ಲ, ತಳವಿಲ್ಲ. ಎಲ್ಲರೂ ತಲೆ ಮೇಲೆ ಎತ್ತಿ ಹಿಡಿದು ಒಟ್ಟಿಗೇ ಕೂರುವುದು, ಅಂಚಿನ ಬಟ್ಟೆ ಕುಂಡೆಯಡಿ, ಬೆನ್ನು ಗೋಡೆಗೆ, ಮಂಡಿಗೆ ಮಂಡಿ. ನಿಮ್ಮ ಬೆನ್ನುಗಳೇ ಅದರ ಕಂಬ. ಒಂದೆರಡು ನಿಮಿಷದ ಕೆಲಸ. ಕೂತ ಸ್ವಲ್ಪ ಹೊತ್ತಿಗೇ ನಾಲ್ಕು ಜನರ ಮೈಬಿಸಿಗೆ ಒಳಗೆ ಬೆಚ್ಚಗಾಗುತ್ತದೆ. ಹೊರಗೆ ಕಿರುಚಿದರೂ ಕೇಳದಂಥ ಗಾಳಿಯಿದ್ದರೆ ಒಳಗೆ ಮಾತಾಡಬಹುದು, ಮ್ಯಾಪ್ ನೋಡಬಹುದು, ಗಾಯಕ್ಕೆ ಬಟ್ಟೆ ಸುತ್ತಬಹುದು, ಒದ್ದೆ ಅಂಗಿ ಬದಲಿಸಬಹುದು. ಯಾರು ನಡುಗುತ್ತಿದ್ದಾರೆ, ಯಾರು ಸುಮ್ನೆ ಆಗಿಬಿಟ್ಟಿದ್ದಾರೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಇದರ ದೊಡ್ಡ ಉಪಯೋಗ ಇದೇ. ಮಾತು ತೊದಲುವುದು, ಕೈ ತಪ್ಪುವುದು, ಅಷ್ಟು ಹೊತ್ತು ನಡುಗುತ್ತಿದ್ದವರು ಮೈ ಬಿಸಿಯಾಗದೆಯೇ ನಡುಕ ನಿಲ್ಲಿಸುವುದು ಇವೆಲ್ಲ ಕೆಟ್ಟ ಲಕ್ಷಣ. ಬೇರೆ ಬೇರೆ ಚೀಲದೊಳಗೆ ಮಲಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಇದು ಅಂಗಡಿಯಲ್ಲಿ ಸಿಗುವುದು ಕಷ್ಟ, ತರಿಸಿದರೆ ದುಬಾರಿ. ಬೈಕ್ ಕವರ್, ಬ್ಯಾಗ್ ಹೊಲಿಯುವವರ ಹತ್ತಿರ ಹೊಲಿಸಬಹುದು. ರೈನ್‌ಕೋಟಿಗೆ ಬಳಸುವ ಲೇಪನದ ತೆಳು ನೈಲಾನ್ ಕೊಡಿ. ತಳವಿಲ್ಲದ ಡಬ್ಬದ ಆಕಾರ, ಎತ್ತರ ಸುಮಾರು ಒಂದು ಮೀಟರ್, ಅದಲ್ಲದೆ ಕುಂಡೆಯಡಿ ಮಡಚಿ ಕೂರಲು ಒಂದು ಅಡಿ ಜಾಸ್ತಿ ಬಟ್ಟೆ. ಎದುರುಬದುರು ಎರಡು ಗಾಳಿ ಕಿಂಡಿ ಕಡ್ಡಾಯ, ಅದಕ್ಕೆ ತೋಳಿನಂತೆ ತುಂಡು ಬಟ್ಟೆ ಇಳಿಬಿಟ್ಟರೆ ಮಳೆ ಒಳಗೆ ಹೊಡೆಯುವುದಿಲ್ಲ. ಹೊಲಿಗೆಯ ಗುಂಟ ಸೀಮ್ ಸೀಲರ್, ಅಂದರೆ ಸೂಜಿ ತೂತು ಮುಚ್ಚುವ ಅಂಟು, ಬಳಿಯಿರಿ. ಟೈಲರ್ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಯಾವುದೇ ಶೆಲ್ಟರ್ ಇರಲಿ, ಒಳಗೆ ಸ್ಟವ್ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆ ಬಂದಂತೆಯೇ ಆಗಿ ಮುಗಿದುಹೋಗುತ್ತದೆ.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟುಗಳ ಬಗ್ಗೆಯೂ ಕೇಳಿದ್ದೀರಿ. ಕಾರಿನ ಪಕ್ಕ ಹಾಕಲು ಚಂದ. ಮಡಚಿದರೆ ಮೊರದಷ್ಟಗಲ, ಕುರುಚಲು ಕಾಡಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ನಡೆಯಲಾಗದು. ಹ್ಯಾಮಕ್ ಕೂಡ ಬೇಡ, ಬೆನ್ನ ಕೆಳಗಿಂದ ಗಾಳಿ ಹೊಡೆಯುತ್ತದೆ.

ನೆಲದ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಯೋಗಾ ಮ್ಯಾಟಿನಂಥ ಫೋಮ್ ಹಾಳೆಯನ್ನು ಕೂರುವಷ್ಟಗಲ ಕತ್ತರಿಸಿ ಪ್ರತಿಯೊಬ್ಬರೂ ಬ್ಯಾಗಿನ ಬೆನ್ನಿನ ಕಡೆ ತೂರಿಸಿಕೊಳ್ಳಿ. ತೂಕ ಗೊತ್ತೇ ಆಗುವುದಿಲ್ಲ. ಬರೀ ಒದ್ದೆ ಬಂಡೆಯ ಮೇಲೆ ಕೂತವರಿಗೂ ಇದರ ಮೇಲೆ ಕೂತವರಿಗೂ ಬೆಳಗಿನ ಜಾವದ ಹೊತ್ತಿಗೆ ಅಜಗಜಾಂತರ. ಜೊತೆಗೆ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಒಂದು ಜೊತೆ ಒಣ ಬಟ್ಟೆ, ಉಣ್ಣೆ ಟೋಪಿ. ಇದಿಲ್ಲದೆ ಎಷ್ಟು ದುಬಾರಿ ಶೆಲ್ಟರ್ ತಂದರೂ ಅರ್ಧ ಕೆಲಸ. ಇಂಬಳ (ಜಿಗಣೆ) ಹೇಗೂ ಒಳಗೆ ಬರುತ್ತವೆ. ಸುಣ್ಣವೋ ನಶ್ಯವೋ ಇಟ್ಟುಕೊಳ್ಳಿ, ಅದಕ್ಕಾಗಿ ರಾತ್ರಿಯಿಡೀ ಎದ್ದು ಕುಣಿಯಬೇಡಿ.

ಕೂರುವ ಜಾಗ: ಹಳ್ಳದ ಪಾತ್ರ ಬೇಡ, ಗುಡ್ಡದ ನೆತ್ತಿ ಬೇಡ, ಒಣಗಿದ ಕೊಂಬೆಯ ಕೆಳಗೆ ಬೇಡ. ಗುಡುಗು ಸಿಡಿಲಿದ್ದರೆ ಬಯಲಿನ ಒಂಟಿ ಮರದ ಕೆಳಗಂತೂ ಬೇಡವೇ ಬೇಡ. ಆನೆ ಲದ್ದಿ, ಮುರಿದ ಬಿದಿರು ಕಂಡರೆ ಆ ಜಾಡು ಬಿಟ್ಟು ದೂರ ಹೋಗಿ.

ಉತ್ತರಾಖಂಡದ ಲೆಕ್ಕ ಬೇರೆ. ಅಲ್ಲಿ ಮೇಲೆ ಹೋದಂತೆ ಮರವೇ ಇರುವುದಿಲ್ಲ, ಟಾರ್ಪಾಲು ಕಟ್ಟುವುದಕ್ಕೆ ಏನೂ ಸಿಗದು. ಜೊತೆಗೆ ಹಿಮಗಾಳಿ. ‘ಟೂರ್‌ನವರ ಟೆಂಟ್ ಇರುತ್ತದಲ್ಲ’ ಅಂದಿದ್ದೀರಿ. ಟೆಂಟ್ ಇರುವುದು ಕ್ಯಾಂಪಿನಲ್ಲಿ. 2024ರ ಜೂನ್‌ನಲ್ಲಿ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ನಿಮಗೂ ನೆನಪಿರಬಹುದು. 4,000 ಮೀಟರ್‌ಗೂ ಎತ್ತರದಲ್ಲಿ, ಸರೋವರ ನೋಡಿ ಕ್ಯಾಂಪಿಗೆ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿಬಿದ್ದರು. 9 ಜನ ತೀರಿಕೊಂಡರು. ಅವರ ಬಳಿ ಇಂಥದ್ದೊಂದು ಇದ್ದಿದ್ದರೆ ಹೀಗಾಗುತ್ತಿತ್ತು ಹಾಗಾಗುತ್ತಿತ್ತು ಅಂತ ದೂರದಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಎರಡು ಕ್ಯಾಂಪಿನ ನಡುವೆ ಸಿಕ್ಕಿಕೊಂಡವರ ಬಳಿ ಇರುವುದು ಬೆನ್ನ ಮೇಲಿನದು ಮಾತ್ರ ಅನ್ನುವುದಕ್ಕಾಗಿ ಹೇಳಿದೆ. ಆ ಪ್ರವಾಸಕ್ಕೆ ಗ್ರೂಪ್ ಶೆಲ್ಟರ್ ಒಂದು, ತಲೆಗೊಂದು ಬಿವಿ ಬೇಕೇ ಬೇಕು. ಹೇಸರಗತ್ತೆಯ ಮೇಲೆ ಹಾಕುವ ದೊಡ್ಡ ಬ್ಯಾಗಿನಲ್ಲಿ ಇಡಬೇಡಿ, ದಿನಾ ಬೆನ್ನಿಗೆ ಹಾಕುವ ಸಣ್ಣ ಬ್ಯಾಗಿನಲ್ಲೇ ಇರಲಿ.

ಯಾರು ಹೊರಬೇಕು ಅನ್ನುವುದೂ ಮುಖ್ಯ. ಸಾಮಾನ್ಯವಾಗಿ ಗಟ್ಟಿಗರು ಭಾರ ಹೊರುತ್ತಾರೆ, ಅವರೇ ಮುಂದೆ ಮುಂದೆ ಹೋಗಿಬಿಡುತ್ತಾರೆ. ಕಾಲು ಉಳುಕುವುದು ಹಿಂದೆ ನಿಧಾನವಾಗಿ ಬರುವವರದ್ದು. ಶೆಲ್ಟರ್ ಯಾವಾಗಲೂ ಕೊನೆಯಲ್ಲಿ ನಡೆಯುವವರ ಬಳಿ ಇರಲಿ. ಮತ್ತು ಎಲ್ಲರ ಕುತ್ತಿಗೆಯಲ್ಲೂ ಒಂದು ಸೀಟಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಬೆಟ್ಟದಲ್ಲಿ ಸಹಾಯ ಬೇಕು ಅನ್ನುವುದಕ್ಕೆ ಇದೇ ಸನ್ನೆ. ಸಿಗ್ನಲ್ ಸಿಕ್ಕರೆ 112. ಅಮೆರಿಕದಲ್ಲಿರುವ ಅಣ್ಣನಿಂದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ತರಿಸುತ್ತೇನೆ ಅಂದಿದ್ದೀರಲ್ಲ, ಬೇಡ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ಪೊಲೀಸ್ ಕೇಸಾಗುತ್ತದೆ.

ಶೆಲ್ಟರ್ ಇದೆಯಲ್ಲ, ಮೇಲೇ ಉಳಿಯೋಣ ಅನ್ನುವ ಯೋಚನೆ ಮಾತ್ರ ಬರಬಾರದು. ಕುದುರೆಮುಖದಲ್ಲಾಗಲಿ ಕುಮಾರ ಪರ್ವತದ ಮೇಲಾಗಲಿ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ, ಹತ್ತಲು ಮೊದಲೇ ಅನುಮತಿ ಪಡೆದಿರಬೇಕು. ಹೊರಡುವ ಮೊದಲು ಎಷ್ಟು ಗಂಟೆಗೆ ಇಳಿಯುತ್ತೀರಿ ಅಂತ ಹೋಂಸ್ಟೇಯವರಿಗೋ ಜೀಪಿನವರಿಗೋ ಹೇಳಿ ಹೋಗಿ. ಹುಡುಕಲು ಯಾರಾದರೂ ಬರಬೇಕಾದರೆ ನೀವು ಬಂದಿಲ್ಲ ಅನ್ನುವುದು ಅವರಿಗೆ ಗೊತ್ತಾಗಬೇಕಲ್ಲ.

ದುಡ್ಡಿನ ಲೆಕ್ಕಕ್ಕೆ: ಈಗ ಟಾರ್ಪಾಲು, ಹಗ್ಗ, ಫೋಮ್ ತಗೊಳ್ಳಿ. ಗ್ರೂಪ್ ಶೆಲ್ಟರನ್ನು ಮೇ ಒಳಗೆ ಹೊಲಿಸಿಕೊಂಡರೆ ಆಯ್ತು. ಒಂದು ಮಳೆಯ ರಾತ್ರಿ ನಾಲ್ಕೂ ಜನ ಟೆರೇಸಿನ ಮೇಲೆ ಲೈಟ್ ಆರಿಸಿ, ಒಂದು ಗಂಟೆ ಅದರೊಳಗೆ ಕೂತು ನೋಡಿ. ಎಲ್ಲಿ ಸೋರುತ್ತದೆ, ಯಾರ ಮಂಡಿ ಹಿಡಿಯುತ್ತದೆ ಎಲ್ಲ ಅಲ್ಲೇ ತಿಳಿಯುತ್ತದೆ. ಆಮೇಲೆ ಚೆನ್ನಾಗಿ ಒಣಗಿಸಿಯೇ ಮಡಚಿಡಿ. ಒದ್ದೆಯಾಗಿ ಸುತ್ತಿಟ್ಟರೆ ಲೇಪನ ಅಂಟಂಟಾಗಿ, ವಾಸನೆ ಬಂದು, ಮುಂದಿನ ವರ್ಷ ಬಿಚ್ಚಿದಾಗ ಪದರ ಪದರವಾಗಿ ಏಳುತ್ತದೆ.